ಒಂಬತ್ತು ಬೆರಳಿನ ಯಾಕೋಬ್

ಕಂತು ಏಳು

“ನೋಡಿ ಸರ್, ನೋಡಿ! ಸಾನ್ನ ತಕೊಂಡು ಬಂದಿದ್ದಾಳೆ!”

ರೋಕ್ ಕಾರಿನ ಡ್ಯಾಶ್‌ಬೋರ್ಡಿಗೆ ಎದೆ ತಾಗುವಷ್ಟು ಮುಂದಕ್ಕೆ ಬಾಗಿದ್ದ. ಶುಕ್ರವಾರ, ಗಂಟೆ ಹನ್ನೊಂದು ದಾಟಿತ್ತು. ಕುವೈತಿನ ಸಲ್ವಾದ ಆ ಬೀದಿಯಲ್ಲಿ ಕಾರು ತೊಳೆಯುವವನೊಬ್ಬನನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಎದುರಿನ ಬಿಳಿ ವಿಲ್ಲಾದ ಮುಂದೆ ಟ್ಯಾಕ್ಸಿ ಇಳಿದ ಗರ್ಟ್ರೂಡ್, ಒಂದು ಕೈಯಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್ ಹಿಡಿದು, ಇನ್ನೊಂದು ಕೈಯಿಂದ ಸೀರೆಯ ನೆರಿಗೆ ಸರಿಮಾಡಿಕೊಂಡು ಕರೆಗಂಟೆ ಒತ್ತಿದಳು.

“ಸಾನ್ನ ಅಂತ ನಿಮಗೆ ಹೇಗ್ರೀ ಗೊತ್ತು?” ಶ್ಯಾಮಸುಂದರ್ ಕೇಳಿದ.

“ಆವಿಯ ವಾಸನೆಗೇ ನನಗೆ ಎಚ್ಚರ ಆದದ್ದು. ನಾನು ಅಡುಗೆಯವನು ಸರ್. ಹುಳಿ ಬಂದ ಅಕ್ಕಿ ಹಿಟ್ಟಿನ ವಾಸನೆ ನನಗೆ ಗೊತ್ತಾಗುದಿಲ್ವಾ? ಎದ್ದು ನೋಡಿದ್ರೆ ಮೇಜಿನ ಮೇಲೆ ನನಗೆ ಮುಚ್ಚಿಟ್ಟದ್ದು ಎಂತ? ಖುಬೂಸ್. ಅದೂ ನಿನ್ನೆಯ ಒಣ ರೊಟ್ಟಿ!”

ಬಾಗಿಲು ತೆರೆಯಿತು. ಒಳಗಿನಿಂದ ಯಾರೋ ಅವಳ ಕೈಯ ಕ್ಯಾರಿಯರ್ ತೆಗೆದುಕೊಂಡರು. ಬಾಗಿಲು ಮುಚ್ಚಿತು.

ಶರ್ಕ್‌ನ ವಿಮಾ ಕಚೇರಿಯಲ್ಲಿ ಹಡಗಿನ ಸರಕು ನಷ್ಟದ ದಾವೆಗಳನ್ನು ಜಾಲಾಡುವುದು ಶ್ಯಾಮಸುಂದರ್‌ನ ಹೊಟ್ಟೆಪಾಡು. ಊರವರ ಗುಟ್ಟು ಕೆದಕುವುದು ಅವನ ಶುಕ್ರವಾರದ ಹುಚ್ಚು. ‘ನನ್ನ ಹೆಂಡತಿ ಇಗರ್ಜಿ ಬಿಟ್ಟು ಸಲ್ವಾದಲ್ಲಿ ಯಾವನೋ ಜರ್ಮನ್ ಇಂಜಿನಿಯರನ ಮನೆಗೆ ಹೋಗ್ತಾಳೆ, ಯಾಕೆ ಅಂತ ಪತ್ತೆ ಮಾಡಿ ಕೊಡಿ’ ಎಂದು ರೋಕ್ ಅವನ ಬೆನ್ನು ಹತ್ತಿ ತಿಂಗಳಾಗಿತ್ತು.

“ಇವತ್ತಾದ್ರೂ ಒಳಗೆ ಹೋಗುವ ಸರ್.”

“ಒಳಗೆ ಹೋಗಿ ಏನಂತ ಕೇಳ್ತೀರಿ? ನಿಮ್ಮ ಕೈಯಲ್ಲಿ ಏನಿದೆ ಪುರಾವೆ?”

ರೋಕ್ ಅಂಗಿಯ ಎರಡು ಗುಂಡಿ ಬಿಚ್ಚಿ, ಬನಿಯನಿನ ಒಳಗಿನಿಂದ ಒಂದು ಉದ್ದ ಲಕೋಟೆ ಎಳೆದು ತೆಗೆದ. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು. ಜರ್ಮನಿಯ ಅಂಚೆಚೀಟಿ. ಗರ್ಟ್ರೂಡ್ ನರ್ಸಾಗಿರುವ ಆಸ್ಪತ್ರೆಯ ವಿಳಾಸ.

“ಅವಳ ಯೂನಿಫಾರ್ಮಿನ ಅಡಿಯಲ್ಲಿ ಇಟ್ಟಿದ್ಲು. ಸೋಮವಾರ ತೆಗೆದೆ. ಅವತ್ತಿನಿಂದ ಮನೆಯಲ್ಲಿ ಕಪಾಟು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಹುಡುಕ್ತಾ ಇದ್ದಾಳೆ. ಎಂತ ಹುಡುಕುದು ಅಂತ ಕೇಳಿದ್ರೆ, ಸೂಜಿ ಅಂತಾಳೆ.”

“ಓದಿಸಿದ್ರಾ?”

“ಯಾರ ಹತ್ರ ಓದಿಸುದು ಮಾರಾಯ್ರೆ? ಹೆಂಡತಿಯ ಪ್ರೇಮಪತ್ರ ಓದಿ ಹೇಳಿ ಅಂತ ನಮ್ಮ ಅಬ್ಬಾಸಿಯಾದಲ್ಲಿ ಮನೆಮನೆಗೆ ಹೋಗುದಾ?”

ಶ್ಯಾಮಸುಂದರ್ ಹಾಳೆಗಳನ್ನು ಹೊರಗೆಳೆದ. ಮೂರು ಹಾಳೆ. ಹಳೆಯ ದಾಖಲೆಗಳನ್ನು ನೋಡಿ ಟೈಪು ಮಾಡಿದ ನಕಲು. ಕೆಳಗೆ ಯಾವುದೋ ದಫ್ತರಖಾನೆಯ ನೇರಳೆ ಮೊಹರು. ಜರ್ಮನ್ ಭಾಷೆ ಅವನಿಗೂ ಬಾರದು. ಆದರೆ ಮೂರನೆಯ ಹಾಳೆ ನೋಡಿದ ಕೂಡಲೇ ಅವನಿಗೆ ನಗು ತಡೆಯಲಾಗಲಿಲ್ಲ.

“ರೋಕ್, ಪ್ರೇಮಪತ್ರದಲ್ಲಿ ಯಾರಾದ್ರೂ ಪ್ರಯಾಣಿಕರ ವಯಸ್ಸು, ಕಸುಬು ಬರೀತಾರೇನ್ರೀ? ಇಂಥ ಪಟ್ಟಿ ನೋಡಿ ನೋಡಿಯೇ ನನ್ನ ಕಣ್ಣು ಹೋಗಿದ್ದು. ಹಡಗು ಹತ್ತಿದವರ ಪಟ್ಟಿ ಇದು. ಟ್ರೀಯೆಸ್ಟ್ ಬಂದರು, ಏಡನ್, ಬೊಂಬಾಯಿ. ಇಸವಿ ನೋಡಿ, ಸಾವಿರದ ಎಂಟುನೂರ ಎಂಬತ್ತೆರಡು.”

ರೋಕ್ ನಂಬಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

“ನಿಮ್ಮ ಮನೆಯವರ ತವರಿನ ಹೆಸರು ಏನು?”

“ಹರ್ಲಿ. ಮಂಗಳೂರಿನ ಬಲ್ಮಠದ ಪ್ರೊಟೆಸ್ಟೆಂಟರು ಅವರು. ಗರ್ಟ್ರೂಡ್ ಹರ್ಲಿ.”

“ಆ ಗೇಟಿನ ಹಿತ್ತಾಳೆ ಫಲಕದಲ್ಲಿ ಏನಿದೆ?”

“ಹೆರ್ಲೆ.”

“ಈ ಪಟ್ಟಿಯಲ್ಲಿ?”

ರೋಕ್‌ನ ಬೆರಳು ಸಾಲುಗಳ ಮೇಲೆ ಜಾರುತ್ತ ಬಂದು ಒಂದು ಕಡೆ ನಿಂತಿತು. ಯಾಕೋಬ್ ಹೆರ್ಲೆ.

“ಯಾರೋ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರ್ಕೊಂಡಿರ್ತಾನೆ. ಹೆರ್ಲೆ ಹೋಗಿ ಹರ್ಲಿ ಆಯ್ತು,” ಶ್ಯಾಮಸುಂದರ್ ಹೇಳಿದ. “ನಿಮ್ಮಾಕೆ ಹುಡುಕ್ತಾ ಇರೋದು ತನ್ನ ಮುತ್ತಜ್ಜನನ್ನ. ನೀವು ಹೊಟ್ಟೆಕಿಚ್ಚು ಪಡ್ತಾ ಇರೋ ಗಂಡಸು ಸತ್ತು ಮಣ್ಣಾಗಿ ಹೋಗಿದಾನೆ ಕಣ್ರೀ. ಮನೆಗೆ ಹೋಗಿ ಒಂದು ಲೋಟ ನೀರು ಕುಡೀರಿ.”

ರೋಕ್‌ನ ಮುಖದಲ್ಲಿ ನೆಮ್ಮದಿ ಕಾಣಬಹುದೆಂದು ಶ್ಯಾಮಸುಂದರ್ ಕಾದ. ಕಾಣಲಿಲ್ಲ.

“ಮತ್ತೆ ಆ ಉದ್ದದವ? ಚಿನ್ನದ ಕೂದಲಿನವ? ಹೋದ ವಾರ ಇವಳನ್ನು ಟ್ಯಾಕ್ಸಿವರೆಗೆ ಬಿಡ್ಲಿಕ್ಕೆ ಬಂದು ಬಾಗಿಲು ಹಿಡಿದು ನಿಂತಿದ್ದ. ಮುತ್ತಜ್ಜ ಸತ್ತ ಅಂತ ಮೊಮ್ಮಗನೂ ಸತ್ತಿದ್ದಾನಾ? ಅವನಿಗೆ ಸಾನ್ನ, ನನಗೆ ಖುಬೂಸಾ?”

ಲಕೋಟೆ ಕಸಿದುಕೊಂಡು ಅವನು ಕಾರಿನಿಂದ ಹಾರಿದ. ಶ್ಯಾಮಸುಂದರ್ ಬೀಗ ಹಾಕುವಷ್ಟರಲ್ಲಿ ರಸ್ತೆ ದಾಟಿ, ಗಂಟೆ ಒತ್ತುವುದು ಬಿಟ್ಟು ಬಾಗಿಲನ್ನು ಅಂಗೈಯಿಂದ ಬಡಿಯತೊಡಗಿದ್ದ.

ಬಾಗಿಲು ತೆರೆದದ್ದು ಚಿನ್ನದ ಕೂದಲಿನವನಲ್ಲ. ಕೋಲು ಊರಿಕೊಂಡ, ಬೆಳ್ಳಗೆ ನರೆತ, ಬಾಗಿದರೂ ರೋಕ್‌ಗಿಂತ ಎತ್ತರದ ಒಬ್ಬ ಮುದುಕಿ.

“ಯಾರು ಬೇಕು?” ಇಂಗ್ಲಿಷಿನಲ್ಲಿ ಕೇಳಿದಳು.

ರೋಕ್ ಅವಳ ಹೆಗಲಿನಾಚೆ ನೋಡಿದ. ಊಟದ ಮೇಜು. ಒಂದೇ ತಟ್ಟೆ. ಅದರಲ್ಲಿ ಸಾನ್ನವನ್ನು ಸಣ್ಣ ಸಣ್ಣ ತುಂಡು ಮಾಡಿ, ಬೆಲ್ಲ ಹಾಕಿದ ತೆಂಗಿನ ಹಾಲು ಎರೆಯುತ್ತಿದ್ದ ಗರ್ಟ್ರೂಡ್ ಸೌಟು ಹಿಡಿದಂತೆಯೇ ನಿಂತುಬಿಟ್ಟಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಇಂಜಿನಿಯರ್ ಎಲ್ಲಿ?” ರೋಕ್ ಕೇಳಿದ. ಅವನ ಧ್ವನಿಯ ಅರ್ಧ ಬಿಸಿ ಆಗಲೇ ಆರಿತ್ತು.

“ನನ್ನ ತಮ್ಮನ ಮಗನೇ? ಡ್ಯೂಟಿಗೆ ಹೋಗಿದ್ದಾನೆ. ನೀವು ನೀರಿನ ಪ್ಲಾಂಟಿನವರೇ?”

“ಅವರು ನನ್ನ ಗಂಡ, ಆಂಟಿ,” ಗರ್ಟ್ರೂಡ್ ಸೌಟು ಕೆಳಗಿಟ್ಟಳು. ಮುಂದಿನ ಮಾತು ಕನ್ನಡದಲ್ಲಿ ಬಂತು. “ನನ್ನ ಹಿಂದೆ ಬಂದದ್ದಾ ನೀವು? ಪತ್ತೇದಾರಿ ಮಾಡ್ಲಿಕ್ಕೆ ಜನ ಬೇರೆ ಇಟ್ಟದ್ದಾ?”

ಶ್ಯಾಮಸುಂದರ್ ಹೊಸ್ತಿಲಲ್ಲೇ ಕೈಮುಗಿದ. ಅಷ್ಟು ಹೊತ್ತಿಗೆ ಅವಳ ಕಣ್ಣು ರೋಕ್‌ನ ಕೈಗೆ ಹೋಗಿತ್ತು.

“ಆ ಲಕೋಟೆ ನಿಮ್ಮ ಕೈಗೆ ಹೇಗೆ ಬಂತು?”

ರೋಕ್ ಅದನ್ನು ಬೆನ್ನ ಹಿಂದೆ ಹಿಡಿದ. ಮಕ್ಕಳು ಹಿಡಿಯುವ ಹಾಗೆ.

“ಆಸ್ಪತ್ರೆಯ ಲಾಕರ್ ಬಿಡಿಸಿ ನೋಡಿದೆ. ಕಸದ ಡಬ್ಬಿಯಲ್ಲಿ ಕೈ ಹಾಕಿದೆ. ನೀವು ಪಕ್ಕದಲ್ಲಿ ಕೂತು ಎಂತ ಹುಡುಕುದು ಅಂತ ಕೇಳಿದ್ರಿ. ಟಾರ್ಚು ಹಿಡಿದು ಬೆಳಕು ಸಹ ತೋರಿಸಿದ್ರಿ!”

“ನೀನು ಹೇಳದೆ ಮುಚ್ಚಿಟ್ಟದ್ದು ಯಾಕೆ? ನಾನು ಗಂಡ ಅಲ್ವಾ ನಿನ್ನ? ಮುತ್ತಜ್ಜನನ್ನು ಹುಡುಕ್ತೇನೆ ಅಂತ ಹೇಳಿದ್ರೆ ನಾನು ಬೇಡ ಅಂತಿದ್ನಾ?”

“ಬೇಡ ಅಂತಿರ್ಲಿಲ್ಲ. ನಗ್ತಿದ್ರಿ.”

ಅವಳು ಮೇಜಿನ ಇನ್ನೊಂದು ಬದಿಗೆ ಬಂದಳು.

“ನಿಮ್ಮ ಮಂಗಳೂರಿನ ಮನೆಯ ಚಾವಡಿಯಲ್ಲಿ ಗೋಡೆಗೆ ಹಾಕಿದ್ದಾರಲ್ಲ, ನಿಮ್ಮ ವಂಶದ ಮರ? ಗೋವೆಯ ಯಾವುದೋ ಹಳ್ಳಿಯಿಂದ ಸುರು ಆಗಿ, ನಿಮ್ಮಣ್ಣನ ಮಕ್ಕಳವರೆಗೆ? ಪಾದ್ರಿಗಳು ಬಂದಾಗೆಲ್ಲ ನಿಮ್ಮಮ್ಮ ಬೆರಳಿಟ್ಟು ಒಂದೊಂದೇ ಹೆಸರು ಓದ್ತಾರೆ. ನಾನು ಮನೆಗೆ ಕಾಲಿಟ್ಟ ವಾರದಲ್ಲೇ ನಿಮ್ಮ ಚಿಕ್ಕಮ್ಮನಿಗೆ ಹೇಳಿದ್ರು, ‘ಇವಳಿಗೆಂತ ಮರ? ಹೆಂಚಿನ ಕಾರ್ಖಾನೆಯ ಬಿಳಿಯ ಉಗಿದು ಹೋದ ಬೀಜ’ ಅಂತ. ನಾನು ಬಾಗಿಲ ಹಿಂದೆ ಚಾ ಹಿಡ್ಕೊಂಡು ನಿಂತಿದ್ದೆ. ನೀವು ಅಲ್ಲೇ ಕೂತಿದ್ರಿ ರೋಕ್. ಬಿಸ್ಕತ್ತು ತಿನ್ತಾ ಇದ್ರಿ.”

ರೋಕ್ ಬೆನ್ನ ಹಿಂದಿನ ಲಕೋಟೆಯನ್ನು ಇನ್ನೂ ಬಿಗಿಯಾಗಿ ಹಿಡಿದ.

“ಆ ಗೋಡೆ ನೋಡಿದಾಗೆಲ್ಲ ನನ್ನ ಹೊಟ್ಟೆ ಉರೀತದೆ. ಹೌದು, ಮತ್ಸರವೇ. ನಿಮಗೆ ಮಾತ್ರ ಉಂಟಾ ಅದು?”

ಕನ್ನಡ ಅರ್ಥವಾಗದ ಮುದುಕಿ ಇಬ್ಬರ ಮುಖವನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡವಳಂತೆ ಕುರ್ಚಿ ಎಳೆದು ಕೂತಳು.

“ಕೂತುಕೊಳ್ಳಿ, ಇಬ್ಬರೂ,” ಅವಳು ಹೇಳಿದಳು. “ಜಗಳ ನಿಂತುಕೊಂಡು ಆಡಿದರೆ ಬೇಗ ಮುಗಿಯುವುದಿಲ್ಲ.”

ಶ್ಯಾಮಸುಂದರ್‌ಗೆ ಆಕೆಯೇ ವಿಷಯ ತಿಳಿಸಿದಳು. ಅವಳು ಫ್ರೌ ಹೆರ್ಲೆ. ಮದುವೆಯಾಗಲಿಲ್ಲ, ತಮ್ಮನ ಮಗನಿಗೆ ಮನೆ ನೋಡಿಕೊಳ್ಳಲು ಕುವೈತಿಗೆ ಬಂದವಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಮಂಚಕ್ಕೆ ತೂಗುಹಾಕಿದ್ದ ಹಾಳೆಯಲ್ಲಿ ಅವಳ ಹೆಸರು ಓದಿದ ನರ್ಸ್ ಒಬ್ಬಳು ಥರ್ಮಾಮೀಟರ್ ಹಿಡಿದು ನಿಂತೇಬಿಟ್ಟಳಂತೆ.

“ನಮ್ಮ ಮುತ್ತಜ್ಜನೂ ಹೆರ್ಲೆ, ಯಾಕೋಬ್ ಹೆರ್ಲೆ, ಮಂಗಳೂರಿನ ಹೆಂಚಿನ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದವನು ಎಂದಳು ಇವಳು. ಯಾಕೋಬ್ ನನ್ನ ಅಜ್ಜ.” ಮುದುಕಿ ನಿಧಾನಕ್ಕೆ ಮಾತಾಡಿದಳು. “ಹೆಂಡತಿಯನ್ನೂ ತೊಟ್ಟಿಲ ಮಗುವನ್ನೂ ಬಿಟ್ಟು ಹೋದ. ಆ ಮಗು ನನ್ನಪ್ಪ. ಅಜ್ಜ ಬರಲಿಲ್ಲ, ಕಾಗದವೂ ಬರಲಿಲ್ಲ. ಆಮೇಲೆ ಯಾರೋ ಪಾದ್ರಿಯಿಂದ ಸುದ್ದಿ ಬಂತು, ಯಾಕೋಬ್ ಮಂಗಳೂರಿನಲ್ಲಿ ಸುಖವಾಗಿದ್ದಾನೆ, ಅಲ್ಲಿಯ ಹೆಂಗಸನ್ನು ಮದುವೆಯಾಗಿದ್ದಾನೆ ಅಂತ. ನನ್ನಜ್ಜಿ ನನಗೆ ಹೆಣಿಗೆ ಕಲಿಸುವ ಮೊದಲೇ ಹೊಟ್ಟೆಕಿಚ್ಚು ಕಲಿಸಿದಳು. ಮುಖ ನೋಡದ ಒಬ್ಬ ಹೆಂಗಸಿನ ಮೇಲೆ.”

“ಇವರ ಮೇಲೆ ನಿಮಗೆ ಸಿಟ್ಟಿಲ್ಲವೇ?” ಶ್ಯಾಮಸುಂದರ್ ಗರ್ಟ್ರೂಡ್ ಕಡೆ ನೋಡಿ ಕೇಳಿದ.

“ಮೊದಲ ದಿನ ಇತ್ತು. ಆದರೆ ಅವಳ ಕೈ ಮೃದು. ನನ್ನನ್ನು ತಿರುಗಿಸಿ ಮಲಗಿಸುವಾಗ ನೋವಾಗುತ್ತಿರಲಿಲ್ಲ.” ಮುದುಕಿ ರೋಕ್‌ನತ್ತ ಕೈಚಾಚಿದಳು. “ಅದನ್ನು ಕೊಡಿ. ಆ ಕಾಗದಗಳನ್ನು ಹುಡುಕಿಸಿದ್ದು ನಾವಿಬ್ಬರೂ ಸೇರಿ. ನಾನು ಇನ್ನೂ ಕಣ್ಣಿಂದ ನೋಡಿಲ್ಲ.”

ರೋಕ್ ಕೊಟ್ಟ.

ಮೊದಲ ಹಾಳೆ ದೇಶ ಬಿಡಲು ಸರಕಾರ ಕೊಟ್ಟ ಅನುಮತಿಯ ನಕಲು. ಭೂತಗನ್ನಡಿ ಹಿಡಿದು ಫ್ರೌ ಹೆರ್ಲೆ ಓದಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಯಾಕೋಬ್ ಹೆರ್ಲೆ. ಕಮ್ಮಾರ. ಕಂದು ಕೂದಲು, ನೀಲಿ ಕಣ್ಣು. ಗುರುತಿನ ಚಿಹ್ನೆ: ಎಡಗೈಯ ಕಿರುಬೆರಳು ಇಲ್ಲ.

“ಹೌದು. ಅಜ್ಜಿ ಹೇಳುತ್ತಿದ್ದಳು. ಹುಡುಗನಾಗಿದ್ದಾಗ ಕೊಡಲಿಗೆ ಹೋದದ್ದು.”

ಶ್ಯಾಮಸುಂದರ್ ತಲೆಯೆತ್ತಿದ. “ಯಾಕೋಬರದು ಫೋಟೋ ಏನಾದರೂ ಇದೆಯೇ?”

ಗರ್ಟ್ರೂಡ್ ಕದಲಲಿಲ್ಲ. ಮುದುಕಿಯೇ ತಟ್ಟೆಯ ಪಕ್ಕದಲ್ಲಿದ್ದ ಚಿತ್ರವನ್ನು ಅವನ ಕಡೆ ತಳ್ಳಿದಳು. “ಇವಳೇ ತಂದದ್ದು. ಮಂಗಳೂರಿನಲ್ಲಿ ತೆಗೆದದ್ದು.”

ಹೆಂಚಿನ ರಾಶಿಯ ಮುಂದೆ ಮರದ ಕುರ್ಚಿ. ಗಡ್ಡದ ಗಂಡಸು ಕೋಟು ತೊಟ್ಟು, ಎರಡೂ ಕೈಗಳನ್ನು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಕಚ್ಚೆ ಸೀರೆಯುಟ್ಟ ಹೆಂಗಸು, ಅವಳ ಸೊಂಟದಲ್ಲಿ ಒಂದು ಮಗು.

ಶ್ಯಾಮಸುಂದರ್ ಭೂತಗನ್ನಡಿ ಇಸಿದುಕೊಂಡ. ಎಡಗೈ ನೋಡಿದ. ಹಳೆಯ ಕಾಲದ ಚಿತ್ರ, ಎಡ ಬಲ ತಿರುಗಿರಲೂಬಹುದು ಎಂದು ಬಲಗೈಯನ್ನೂ ನೋಡಿದ. ಎರಡೂ ಕೈ ಪೂರ್ತಿ ಇದ್ದವು.

“ಹತ್ತು ಬೆರಳು,” ಎಂದ.

ಫ್ರೌ ಹೆರ್ಲೆ ಭೂತಗನ್ನಡಿ ಕಸಿದುಕೊಂಡು ತಾನೇ ನೋಡಿದಳು. ಅವಳ ತುಟಿ ಎಣಿಕೆಗೆ ಅಲುಗಿತು.

“ಎರಡನೆಯ ಹಾಳೆ ಓದಿ,” ಶ್ಯಾಮಸುಂದರ್ ಹೇಳಿದ.

ಅದು ಊರ ಚರ್ಚಿನ ಕುಟುಂಬ ದಾಖಲೆ. ಯಾಕೋಬ್, ಅವನ ಹೆಂಡತಿ, ಮಗು. ಅದರ ಕೆಳಗೆ ತಮ್ಮ ಗೊಟ್‌ಲೀಬ್; ಅದೇ ವರ್ಷದ ವಸಂತದಲ್ಲಿ ನದಿಯಲ್ಲಿ ಮುಳುಗಿ ಸತ್ತ, ಶವ ಸಿಗಲಿಲ್ಲ.

“ಗೊಟ್‌ಲೀಬನ ಹೆಸರಿನ ಕಲ್ಲಿದೆ ನಮ್ಮೂರಲ್ಲಿ,” ಮುದುಕಿ ಹೇಳಿದಳು. “ಚಿಕ್ಕವಳಿದ್ದಾಗ ನಾನೇ ಹೂ ಇಡುತ್ತಿದ್ದೆ. ಪಾಪದ ಹುಡುಗ, ಅಣ್ಣನನ್ನು ಬಿಟ್ಟಿರುತ್ತಿರಲಿಲ್ಲವಂತೆ. ಅಣ್ಣನ ಅಂಗಿ, ಅಣ್ಣನ ಸುತ್ತಿಗೆ, ಎಲ್ಲ ತನಗೂ ಬೇಕು ಅನ್ನುತ್ತಿದ್ದನಂತೆ.”

“ಈಗ ಮೂರನೆಯದು. ಯಾಕೋಬನ ಕೆಳಗಿನ ಹೆಸರು ಓದಿ.”

ಭೂತಗನ್ನಡಿ ಹಡಗಿನ ಪಟ್ಟಿಯ ಮೇಲೆ ಇಳಿಯಿತು. ನಿಂತಿತು.

“ಗೊಟ್‌ಲೀಬ್ ಹೆರ್ಲೆ,” ಅವಳು ಪಿಸುಗುಟ್ಟಿದಳು. “ಸಹೋದರ.”

“ನದಿಯಲ್ಲಿ ಮುಳುಗಿದವನು ಟ್ರೀಯೆಸ್ಟಿನಲ್ಲಿ ಎದ್ದು ಹಡಗು ಹತ್ತಿದ. ಯಾಕೋಬನ ಹೆಸರಿನ ಮುಂದೆ ಸಣ್ಣ ಶಿಲುಬೆಯ ಗುರುತು ಇದೆ ನೋಡಿ. ಟಿಕೆಟ್ ಇದ್ದ ಬಂದರಿನಲ್ಲಿ ಇಳಿಯದವರಿಗೆ ಹಾಗೆ ಗುರುತು ಹಾಕುತ್ತಾರೆ. ಹತ್ತಿದ್ದು ಇಬ್ಬರು, ಬೊಂಬಾಯಿಯ ದಡ ಮುಟ್ಟಿದ್ದು ಒಬ್ಬ.” ಶ್ಯಾಮಸುಂದರ್ ಗರ್ಟ್ರೂಡ್‌ಳ ಮುಖ ನೋಡದೆ ಮುಗಿಸಿದ. “ಮಂಗಳೂರಿನ ಕೆಲಸ ಯಾಕೋಬನ ಹೆಸರಿಗೆ ಇತ್ತು. ಯಾಕೋಬನ ಹೆಸರು ಹೇಳಿಕೊಂಡೇ ಅವನು ಅಲ್ಲಿ ಕೂತ. ಈ ಫೋಟೋದಲ್ಲಿರುವುದು ಗೊಟ್‌ಲೀಬ್.”

ಆಗ ಅದು ನಡೆಯಿತು. ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು. ರೋಕ್‌ನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಇಷ್ಟು ದಿನ ತನ್ನ ಹೆಂಡತಿಯನ್ನು ತನ್ನಿಂದ ದೂರ ಒಯ್ಯುತ್ತಿದ್ದ ಆ ಗಡ್ಡದವನು ಕೊನೆಗೂ ಕುರ್ಚಿಯಿಂದ ಬಿದ್ದಿದ್ದ. ಇನ್ನು ಶುಕ್ರವಾರಗಳು ತನ್ನವು. ಸಾನ್ನವೂ ತನ್ನದು.

ಗರ್ಟ್ರೂಡ್ ಅದನ್ನು ನೋಡಿದಳು.

“ಖುಷಿ ಆಯ್ತಾ?” ಮೆಲ್ಲಗೆ ಕೇಳಿದಳು.

“ಗರ್ಟಿ, ನಾನೆಂತ ಹೇಳ್ಲೇ ಇಲ್ಲ...”

“ಹೇಳುದು ಬೇಡ.”

ಮುದುಕಿ ಅಳುತ್ತಿದ್ದಳು. ಸದ್ದಿಲ್ಲದೆ, ಕರವಸ್ತ್ರ ಹುಡುಕದೆ. “ಅವನು ನಮ್ಮನ್ನು ಬಿಟ್ಟು ಹೋಗಲಿಲ್ಲ. ಅವನು ದಡವನ್ನೇ ಮುಟ್ಟಲಿಲ್ಲ. ನನ್ನಜ್ಜಿ ಸಾಯುವವರೆಗೂ ಒಬ್ಬ ಸತ್ತವನಿಗೆ ಶಾಪ ಹಾಕಿದಳು.”

ಗರ್ಟ್ರೂಡ್ ಅವಳ ಭುಜ ಮುಟ್ಟಲು ಹೋದಳು. ಮುದುಕಿ ಭುಜ ಸರಿಸಿಕೊಂಡಳು. ಆಮೇಲೆ ಎದುರಿಗಿದ್ದ ತಟ್ಟೆಯನ್ನು ಒಂದು ಬೆರಳಿನಿಂದ ದೂರಕ್ಕೆ ತಳ್ಳಿದಳು.

“ಅಣ್ಣನನ್ನು ಕೊಂದು ಅವನ ಹೆಸರು ತೊಟ್ಟುಕೊಂಡವನ ರಕ್ತ ನೀನು. ಆ ಕೈಯಿಂದ ನನಗೆ ತಿನ್ನಿಸುತ್ತಿದ್ದೀಯಾ?”

ರೋಕ್ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಅಮ್ಮ! ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನೂರು ವರ್ಷದ ಹಿಂದೆ ಯಾರೋ ಎಂತದೋ ಮಾಡಿದ್ರೆ ಇವಳೆಂತ ಮಾಡ್ಲಿಕ್ಕಾಗ್ತದೆ? ಇವಳು ನನ್ನ ಹೆಂಡ್ತಿ.” ಕನ್ನಡದಲ್ಲೇ ಕೂಗಿದ. ಇಂಗ್ಲಿಷ್ ಆ ಹೊತ್ತಿಗೆ ಅವನಿಗೆ ಒದಗಲಿಲ್ಲ.

ಗರ್ಟ್ರೂಡ್ ಗಂಡನ ಕಡೆ ತಿರುಗಲೂ ಇಲ್ಲ.

ಶ್ಯಾಮಸುಂದರ್ ಹಾಳೆಗಳನ್ನು ಒಟ್ಟುಮಾಡುತ್ತಿದ್ದ. ಅವನ ಹೆಬ್ಬೆರಳು ಕೊನೆಯ ಹಾಳೆಯ ಅಡಿಯಲ್ಲಿ ನಿಂತಿತು. ಟೈಪಿನಲ್ಲಿ ಪುಟದ ಸಂಖ್ಯೆ: ನಾಲ್ಕರಲ್ಲಿ ಮೂರು.

“ರೋಕ್, ನಾಲ್ಕನೆಯ ಹಾಳೆ ಎಲ್ಲಿ?”

“ಯಾವ ನಾಲ್ಕನೆಯದು? ನಾನು ತೆಗೆದಾಗ ಇದ್ದದ್ದೇ ಮೂರು. ಸಾಯ್ಬಿಣ್ ಮಾಯೆಯ, ಮೇರಿ ಮಾತೆಯ ಆಣೆ ಸರ್.”

ಸುಳ್ಳು ಹೇಳುವವರು ಶ್ಯಾಮಸುಂದರ್‌ನ ಮೇಜಿನೆದುರು ದಿನವೂ ಕೂರುತ್ತಿದ್ದರು. ಇವನು ಸುಳ್ಳು ಹೇಳುತ್ತಿರಲಿಲ್ಲ. ಲಕೋಟೆ ಬಂದದ್ದು ಆಸ್ಪತ್ರೆಗೆ. ಅಲ್ಲಿಂದ ಕಪಾಟಿನವರೆಗೆ ಅದು ಒಬ್ಬರ ಕೈಯಲ್ಲಿ ಮಾತ್ರ ಇತ್ತು.

“ಸಿಸ್ಟರ್,” ಅವನು ಕರೆದ. “ನೀವು ಇದನ್ನೆಲ್ಲ ಮೊದಲೇ ಬಲ್ಲಿರಿ. ಫೋಟೋ ಕೇಳಿದಾಗ ನಿಮ್ಮ ಕೈ ಏಳಲಿಲ್ಲ. ಗೊಟ್‌ಲೀಬನ ಹೆಸರಿಗೂ ನೀವು ಬೆಚ್ಚಲಿಲ್ಲ.”

ಗರ್ಟ್ರೂಡ್ ಕೈಚೀಲದ ಬಾಯಿ ತೆರೆದಳು. ಒಳಗಿನ ಪ್ರಾರ್ಥನೆ ಪುಸ್ತಕದ ನಡುವಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

“ಇದು ಏಡನ್ ಬಂದರಿನದ್ದು. ಬ್ರಿಟಿಷರ ಊರು, ಹಾಗಾಗಿ ಇಂಗ್ಲಿಷ್. ನನಗೆ ಓದ್ಲಿಕ್ಕೆ ಆದದ್ದು ಇದೊಂದೇ.” ಮುದುಕಿಗೆ ಅರ್ಥವಾಗಲೆಂದು ಅವಳು ಇಂಗ್ಲಿಷಿಗೆ ಹೊರಳಿದಳು. “ಆಂಟಿ, ನಿಮ್ಮಜ್ಜ ಹಡಗಿನಲ್ಲಿ ಸಾಯಲಿಲ್ಲ. ಜ್ವರದಲ್ಲಿ ಬಡಬಡಿಸುತ್ತಿದ್ದ. ಅವನಿಗೆ ಹುಚ್ಚು ಹಿಡಿದಿದೆ ಅಂತ ತಮ್ಮ ರುಜು ಹಾಕಿಕೊಟ್ಟ. ಕೈಕಾಲು ಕಟ್ಟಿ ಏಡನ್‌ನಲ್ಲಿ ಇಳಿಸಿದರು. ಹಡಗು ಮುಂದಕ್ಕೆ ಹೋಯಿತು.”

“ಬದುಕಿದ್ದನೇ?”

“ಬದುಕಿದ. ಅಡಿಯಲ್ಲಿ ಇನ್ನೊಂದು ಸಾಲು ಇದೆ. ಗುಣವಾದ ಮೇಲೆ ಕಮ್ಮಾರನಾಗಿ ಒಂದು ಅರಬ್ಬೀ ಹಾಯಿ ಹಡಗು ಸೇರಿದ. ಕುವೈತಿನ ಹಡಗು.”

ಹೊರಗೆ ಎಲ್ಲೋ ಮಸೀದಿಯ ಧ್ವನಿವರ್ಧಕದಲ್ಲಿ ಶುಕ್ರವಾರದ ನಮಾಜು ಮುಗಿಯುತ್ತಿತ್ತು.

“ಶರ್ಕ್‌ನ ಸಮುದ್ರದ ಬದಿ ಹಳೆಯ ನಾವಿಕರು ಕೂರ್ತಾರೆ, ಅಲ್ಲಿಗೆ ಹೋಗಿ ಕೇಳ್ದೆ,” ಗರ್ಟ್ರೂಡ್ ಹೇಳಿದಳು. ಈಗ ಅವಳು ಹೇಳುತ್ತಿದ್ದದ್ದು ರೋಕ್‌ಗೆ. “ಹಡಗಿಗೆ ಮೊಳೆ ಬಡಿಯುತ್ತಿದ್ದ ನೀಲಿ ಕಣ್ಣಿನ ಯಾಕೂಬ್ ಅಂದ ಕೂಡಲೇ ಒಬ್ಬ ಮುದುಕ ಎದ್ದು ಮನೆ ತೋರಿಸ್ಲಿಕ್ಕೇ ಬಂದ. ಯಾಕೋಬ್ ಇಲ್ಲಿ ಯಾಕೂಬ್ ಆಗಿ, ಇಲ್ಲಿಯವಳನ್ನೇ ಮದುವೆ ಆಗಿ, ಮಕ್ಕಳು ಮರಿ ಮಾಡಿ ಸತ್ತದ್ದು.”

ಮುದುಕಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದವನು ಶ್ಯಾಮಸುಂದರ್. ಕೇಳುತ್ತ ಕೇಳುತ್ತ ಫ್ರೌ ಹೆರ್ಲೆಯ ಒದ್ದೆ ಕಣ್ಣು ಒಣಗಿತು.

“ಇನ್ನೊಬ್ಬಳೇ?” ಅಂದಳು. “ಬದುಕಿದ್ದ, ಗುಣವಾದ, ಮತ್ತೂ ಊರಿಗೆ ಬರಲಿಲ್ಲ. ಇನ್ನೊಬ್ಬಳು ಇದ್ದಳು. ಯಾರವಳು? ಹೇಗಿದ್ದಳು?”

“ಯಾರ ಮನೆ ತೋರಿಸಿದ್ದು?” ರೋಕ್ ಕೇಳಿದ. ಅವನ ಧ್ವನಿಯಲ್ಲಿ ಹಳೆಯ ಉರಿ ಮತ್ತೆ ಹತ್ತಿತ್ತು. “ಅಲ್ಲಿ ಈಗ ಯಾರಿದ್ದಾರೆ?”

“ಯಾಕೂಬನ ಮರಿಮಗ. ನಿಮಗೆ ಗೊತ್ತುಂಟು.” ಗರ್ಟ್ರೂಡ್ ಗಂಡನನ್ನು ನೇರ ನೋಡಿದಳು. “ಮುತ್ತಲಿಬ್.”

“ಯಾವ ಮುತ್ತಲಿಬ್?”

“ನಿಮ್ಮ ಹೋಟೆಲಿನ ಮುತ್ತಲಿಬ್.”

ಮುತ್ತಲಿಬ್ ಎಂದರೆ ರೋಕ್ ದುಡಿಯುವ ಹೋಟೆಲಿನ ಧಣಿ. ಅವನ ಕಫೀಲ್. ರೋಕ್‌ನ ವಾಸದ ಪರವಾನಗಿ ಇಕಾಮಾಕ್ಕೆ ಹೊಣೆ ನಿಂತವನು, ಪಾಸ್‌ಪೋರ್ಟನ್ನು ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡವನು. ಅವನು ಒಂದು ಮಾತು ಅಂದರೆ ಖಲಾಸ್; ರೋಕ್ ಮರುದಿನದ ವಿಮಾನದಲ್ಲಿ ಊರಿಗೆ.

“ನನ್ನ ಕಫೀಲನ ಮನೆಗೆ ಹೋಗಿದ್ದಿಯಾ? ಒಬ್ಬಳೇ? ನನಗೆ ಹೇಳದೆ?”

“ಹೇಳಿದ್ರೆ ಬಿಡ್ತಿದ್ರಾ?”

“ಎಷ್ಟು ಸರ್ತಿ?”

“ರೋಕ್, ಅವರ ಮನೆಯ ಹೆಂಗಸರ ಜೊತೆ ಕೂತು ಚಾ ಕುಡ್ದು ಬಂದಿದ್ದೇನೆ.”

“ಎಷ್ಟು ಸರ್ತಿ ಅಂತ ಕೇಳಿದ್ದು!”

“ಅವರು ನನ್ನನ್ನು ತಂಗಿ ಅಂದ್ರು,” ಗರ್ಟ್ರೂಡ್ ಹೇಳಿದಳು. “ಮಕ್ಕಳನ್ನೆಲ್ಲ ಕರೆದು ನಿಲ್ಲಿಸಿ, ಇವಳು ನಮ್ಮ ರಕ್ತ ಅಂತ ತೋರಿಸಿದ್ರು. ನಿಮ್ಮ ಗೋಡೆಯ ಮೇಲೆ ನನಗೆ ಸಿಗದ ಜಾಗ ಅದು. ಗೊಟ್‌ಲೀಬನ ಹೆಸರು ಎತ್ತಲಿಕ್ಕೆ ಬಾಯಿ ಬರ್ಲಿಲ್ಲ. ಯಾಕೂಬನ ಬಳಗದವಳು ಅಂತ ಮಾತ್ರ ಹೇಳಿದೆ, ತಮ್ಮನ ಕಡೆಯವಳು ಅಂತ ಹೇಳ್ಲಿಲ್ಲ. ಅದಕ್ಕೇ ಈ ಹಾಳೆ ತೆಗೆದಿಟ್ಟದ್ದು. ಇವತ್ತು ಆಂಟಿಯನ್ನು ನೋಡ್ಲಿಕ್ಕೆ ಅವರು ಇಲ್ಲಿಗೆ ಬರ್ತಾರೆ. ನಮಾಜು ಮುಗಿಸಿ.”

ಹೊರಗೆ ದೊಡ್ಡ ಕಾರೊಂದು ನಿಂತ ಸದ್ದಾಯಿತು. ಬಾಗಿಲು ಮುಚ್ಚಿದ ಸದ್ದು. ಕರೆಗಂಟೆ.

ಇಷ್ಟು ಹೊತ್ತು ಏಳಲು ಗರ್ಟ್ರೂಡ್‌ಳ ತೋಳು ಬೇಕಾಗಿದ್ದ ಮುದುಕಿ ಒಬ್ಬಳೇ ಎದ್ದಳು. ಏಡನ್ ಹಾಳೆಯನ್ನು ಮೇಜಿನಿಂದ ಎತ್ತಿ, ಸ್ವೆಟರಿನ ಜೇಬಿಗೆ ಸೇರಿಸಿದಳು.

“ಆಂಟಿ, ದಯವಿಟ್ಟು,” ಗರ್ಟ್ರೂಡ್ ಅಡ್ಡ ಬಂದಳು.

“ದಾರಿ ಬಿಡು. ನನ್ನ ಮನೆ, ನನ್ನ ಅಜ್ಜನ ಮರಿಮಗ. ಯಾರು ಯಾರೆಂದು ಅವನಿಗೆ ನಾನು ಹೇಳುತ್ತೇನೆ.”

ರೋಕ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಶ್ಯಾಮಸುಂದರ್ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಗಂಟೆ ಒತ್ತಿದವನು ಹೊರಗೆ ನಿಂತೇ ಇರಲ್ಲ ಕಣ್ರೀ. ಇವತ್ತಲ್ಲ ನಾಳೆ ತಿಳಿಯೋದೇ.”

ಮುದುಕಿ ಬಾಗಿಲು ತೆರೆದಳು. ಇಸ್ತ್ರಿಯ ಗೆರೆ ಮಾಸದ ಬಿಳಿ ದಿಶ್‌ದಾಶಾ ನಿಲುವಂಗಿ, ಅಚ್ಚುಕಟ್ಟಾದ ನರೆಗಡ್ಡ. ಬಿಸಿಲಿಗೆ ಸುಕ್ಕುಗಟ್ಟಿದ ಕಂದು ಮುಖದಲ್ಲಿ, ಫ್ರೌ ಹೆರ್ಲೆಯ ಮುಖದಲ್ಲಿದ್ದಂಥವೇ ಎರಡು ನೀಲಿ ಕಣ್ಣು.

ಅವಳು ಆ ಕಣ್ಣುಗಳನ್ನೇ ದಿಟ್ಟಿಸಿದಳು. ಆಮೇಲೆ ಗರ್ಟ್ರೂಡ್‌ಳತ್ತ ಕೋಲೆತ್ತಿ ತೋರಿಸಿದಳು.

“ಒಳಗೆ ಬಾ ಮಗನೇ. ಆದರೆ ಮೊದಲು ಹೇಳು, ಈ ಹೆಂಗಸು ಯಾರೆಂದು ನಿನಗೆ ಗೊತ್ತೇ?”

“ಗೊತ್ತು,” ಎಂದ ಮುತ್ತಲಿಬ್, ಇಂಗ್ಲಿಷಿನಲ್ಲೇ. “ಗೊಟ್‌ಲೀಬ್.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹುಡುಗನಾಗಿ ಬೊಂಬಾಯಿಯಲ್ಲಿ ಬೆಳೆದವನು. ಗರ್ಟ್ರೂಡ್‌ಳ ಜೊತೆ ಮಾತಾಡುವಾಗ ಹಿಂದಿ ಬಂತು. “ಬೆಹೆನ್, ಆ ಹೆಸರನ್ನು ನಮ್ಮ ಮನೆಯಲ್ಲಿ ಪ್ರತಿಯೊಂದು ಮಗುವಿಗೂ ಹೇಳಿಕೊಟ್ಟು ಬೆಳೆಸುತ್ತಾರೆ. ಮಂಗಳೂರು ಎಂಬ ಊರಿನ ಹೆಸರನ್ನೂ. ನೀನು ಬಾಗಿಲಿಗೆ ಬಂದು ಮಂಗಳೂರು ಅಂದ ದಿನವೇ ನನ್ನ ತಾಯಿ ಒಳಗೆ ಹೋಗಿ ಕದ ಹಾಕಿಕೊಂಡಳು. ನೀನಾಗಿ ಹೇಳುತ್ತೀಯೋ ಅಂತ ಕಾದೆ. ಹೇಳಲಿಲ್ಲ.”

“ಭಾಯಿ...” ಗರ್ಟ್ರೂಡ್ ಅವನ ಕಡೆ ಒಂದು ಹೆಜ್ಜೆ ಇಟ್ಟಳು.

ಮುತ್ತಲಿಬ್ ದಿಶ್‌ದಾಶಾದ ಜೇಬಿಗೆ ಕೈಹಾಕಿದ. ಹೊರಗೆ ಬಂದದ್ದು ಮೂರು ಸಿಂಹಗಳ ಮುದ್ರೆಯ ಪಾಸ್‌ಪೋರ್ಟು.

“ಸರ್, ಅದು ನನ್ನದು,” ರೋಕ್ ತಡವರಿಸಿ ಕೈಚಾಚಿದ.

ಮುತ್ತಲಿಬ್ ಆ ಕೈಯನ್ನು ನೋಡಲೇ ಇಲ್ಲ. ಪಾಸ್‌ಪೋರ್ಟನ್ನು ಗರ್ಟ್ರೂಡ್‌ಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಮೇಲೆ ತಾನೇ ಮಡಿಸಿದ. ರೋಕ್‌ನ ಕಣ್ಣು ಆ ಬೆರಳುಗಳ ಮೇಲೆಯೇ ನಿಂತಿತು.

“ನಿನ್ನ ಗಂಡ ಇಲ್ಲಿ ಇರಬೇಕೋ, ಹಡಗಿನಿಂದ ಇಳಿಯಬೇಕೋ, ನೀನೇ ಹೇಳು,” ಮುತ್ತಲಿಬ್ ಸಮಾಧಾನವಾಗಿಯೇ ಕೇಳಿದ. “ಏಡನ್‌ನಲ್ಲಿ ನಿನ್ನ ಮುತ್ತಜ್ಜನನ್ನು ಕೇಳಿದರು. ಅವನು ರುಜು ಹಾಕಿದ.”

“ಗರ್ಟಿ, ಹೇಳು,” ರೋಕ್ ಅಂದ. “ಹೇಳು ಮಾರಾಯ್ತಿ!”

ಗರ್ಟ್ರೂಡ್ ಪಾಸ್‌ಪೋರ್ಟು ತೆರೆದಳು. ಗಂಡನ ಫೋಟೋ ನೋಡಿದಳು. ಮತ್ತೆ ಮತ್ತೆ ನೋಡಿದಳು. ಆಮೇಲೆ ಅದನ್ನು ಮುಚ್ಚಿ, ಮುತ್ತಲಿಬ್‌ನ ಕಡೆ ತಲೆಯೆತ್ತಿದಳು.